ಶಾರಿ ಮತ್ತು ಆರು ಗುಂಡಿ: ಮುಂಬಯಿ ಮಕ್ಕಳಿಗೆ ಮನೆಯಲ್ಲೇ ಒಂದು ತುಂಟ ಚಿತ್ರಪುಸ್ತಕ ಮಾಡುವ ಬಗೆ

ಮುಂಬಯಿಯ ಕನ್ನಡ ಮನೆಗಳಲ್ಲಿ ಏಳೆಂಟು ವರ್ಷದ ಮಕ್ಕಳಿಗೆ ಮಾತಿಗೇನೂ ಕೊರತೆಯಿಲ್ಲ. ಬೈದರೆ ತಿಳಿಯುತ್ತದೆ, ಊರಿಗೆ ಹೋದಾಗ ಅಜ್ಜಿಯ ಜೊತೆ ಜಗಳ ಆಡುವಷ್ಟು ಕನ್ನಡ ಇದೆ. ಅದೇ ಮಗುವಿನ ಮುಂದೆ ಕನ್ನಡ ಪುಸ್ತಕ ಬಿಚ್ಚಿಟ್ಟರೆ ನಮ್ಮ ಮುಖ ನೋಡುತ್ತದೆ. ಶಾಲೆ ಇಂಗ್ಲಿಷಿನದು. ಮಹಾರಾಷ್ಟ್ರದ 2020ರ ಕಾಯ್ದೆ ಬಂದಮೇಲೆ ಬೋರ್ಡು ಯಾವುದೇ ಇರಲಿ ಮರಾಠಿ ಕಡ್ಡಾಯ, ಹಲವು ಶಾಲೆಗಳಲ್ಲಿ ಜೊತೆಗೆ ಹಿಂದಿಯೂ ಇರುತ್ತದೆ. ಹೀಗಾಗಿ ದೇವನಾಗರಿ ಸರಾಗ, ಕನ್ನಡದ ಲಿಪಿ ಮಾತ್ರ ಅಪರಿಚಿತ.

ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕ ಹೊರತರುತ್ತದೆ. ಅಕ್ಷರ ಕಲಿಸಲು ಒಂದನೇ ತರಗತಿಯದ್ದು ಸಾಕು. ತೊಂದರೆ ಇರುವುದು ಅದರ ನಂತರ. ಎಂಟು ವರ್ಷದ ಹುಡುಗಿಗೆ ಓದಲು ಬರುವುದು ‘ಆನೆ ಬಂತು’ ಮಟ್ಟದ ಮಾತು. ಅವಳ ತಲೆ ಓಡುತ್ತಿರುವುದು ಅದಕ್ಕಿಂತ ನಾಲ್ಕು ವರ್ಷ ಮುಂದೆ. ಪುಟಾಣಿಗಳ ಪುಸ್ತಕ ಕೊಟ್ಟರೆ ಅವಮಾನ, ಅವಳ ವಯಸ್ಸಿನ ಪುಸ್ತಕ ಕೊಟ್ಟರೆ ಎರಡನೇ ಸಾಲಿಗೇ ಸುಸ್ತು. ಈ ಸಂದಿಯನ್ನು ತುಂಬಲು ನನಗೆ ತಿಳಿದಂತೆ ತುಂಟಾಟದಷ್ಟು ಒಳ್ಳೆಯ ಸಾಮಗ್ರಿ ಇನ್ನೊಂದಿಲ್ಲ. ಕಿಡಿಗೇಡಿ ಹುಡುಗಿಯೊಬ್ಬಳು ಮುಂದೆ ಏನು ಮಾಡುತ್ತಾಳೆ ಅನ್ನುವ ಕುತೂಹಲಕ್ಕೆ ಪದಗಳು ಸುಲಭವಾಗಿದ್ದರೂ ನಡೆಯುತ್ತದೆ, ನಗು ಚಿಕ್ಕ ಮಕ್ಕಳದ್ದಾಗಬೇಕಿಲ್ಲ.

ಡೊಂಬಿವಲಿಯಲ್ಲಿ ನಾವು ಕೆಲವರು ಭಾನುವಾರ ನಡೆಸುವ ಕನ್ನಡ ತರಗತಿಗಾಗಿ ಮಾಡಿದ ಒಂದು ಪುಸ್ತಕವನ್ನೇ ಇಲ್ಲಿ ಮಾದರಿಯಾಗಿ ಇಟ್ಟುಕೊಳ್ಳುತ್ತೇನೆ. ಹದಿನಾರು ಪುಟ, ಐವತ್ತು ಪದ. ಬೇಕಾಗುವುದು ನಾಲ್ಕು ಎ4 ಹಾಳೆ, ಸ್ಕೆಚ್ ಪೆನ್ನು, ಒಂದು ಜೆರಾಕ್ಸ್ ಅಂಗಡಿ.

ತುಂಟಾಟ ಆರಿಸುವುದು

ಕಥೆ ಬರೆಯಲು ಕೂರಬೇಡಿ. ಮೊದಲು ಒಂದೇ ಒಂದು ತುಂಟಾಟ ಹುಡುಕಿ. ಅದು ಹತ್ತಾರು ಸಲ ಮರುಕಳಿಸುವಂತಿರಬೇಕು, ಯಾಕೆಂದರೆ ಓದು ಕಲಿಯುವ ಮಗುವಿಗೆ ಅದೇ ಸಾಲು ಮತ್ತೆ ಮತ್ತೆ ಸಿಗಬೇಕು, ಸಿಕ್ಕಾಗಲೆಲ್ಲ ಅದಕ್ಕೊಂದು ಕಾರಣವೂ ಇರಬೇಕು. ಅಡುಗೆಮನೆಯಲ್ಲಿ ಹಿಟ್ಟು ಚೆಲ್ಲಿದಳು ಅಂದರೆ ಒಂದೇ ಪುಟಕ್ಕೆ ಮುಗಿಯಿತು. ಸೊಸೈಟಿಯ ಲಿಫ್ಟಿನಲ್ಲಿ ಎಲ್ಲ ಗುಂಡಿಗಳನ್ನೂ ಅದುಮಿಬಿಟ್ಟಳು ಅಂದರೆ ಅದು ಪ್ರತಿ ಮಹಡಿಯಲ್ಲೂ ನಿಲ್ಲಲೇಬೇಕು, ಬಾಗಿಲು ತೆರೆಯಲೇಬೇಕು, ಅಲ್ಲಿ ಯಾರೋ ನಿಂತಿರಲೇಬೇಕು. ಪುನರಾವರ್ತನೆ ತಾನಾಗಿ ಬಂತು. ಬಿಲ್ಡಿಂಗಿನಲ್ಲಿ ಬೆಳೆದ ಯಾವ ಮಗುವೂ ಇದನ್ನು ಮಾಡದೆ ದೊಡ್ಡದಾಗಿಲ್ಲ.

ಅನುಕರಿಸಿದರೆ ಅಪಾಯವಾಗುವ ಆಟ ಬೇಡ. ಕಿಟಕಿಯ ಗ್ರಿಲ್ ಹತ್ತುವುದು, ಲೋಕಲ್ ಬಾಗಿಲಲ್ಲಿ ನೇತಾಡುವುದು, ಟೆರೇಸಿನ ನೀರಿನ ಟಾಂಕಿ, ಗ್ಯಾಸು, ಬೆಂಕಿಪೊಟ್ಟಣ ಇವು ಎಷ್ಟೇ ಮಜವಾಗಿ ಕಂಡರೂ ಬಿಡಿ. ಚಿಕ್ಕ ಮಗು ಲಿಫ್ಟಿನಲ್ಲಿ ಒಂಟಿಯಾಗಿ ಹೋಗಬಾರದಷ್ಟೆ. ಅದಕ್ಕೇ ನಮ್ಮ ಕಥೆಯಲ್ಲಿ ಜೊತೆಗೊಬ್ಬ ಅಜ್ಜ ಇದ್ದಾರೆ. ಅವರು ‘ಕರ್ನಾಟಕ ಮಲ್ಲ’ ಪತ್ರಿಕೆ ಬಿಡಿಸಿಕೊಂಡು ಓದುತ್ತ ನಿಂತಿದ್ದಾರೆ, ಲೋಕದ ಪರಿವೆಯಿಲ್ಲ. ಕಾವಲಿಗೆಂದು ತಂದ ಅಜ್ಜ ಕಥೆಯ ಅರ್ಧ ಹಾಸ್ಯವನ್ನು ಹೊತ್ತುಕೊಂಡರು.

ಇನ್ನೊಂದು ಮಾತು, ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಕೊನೆಯಲ್ಲಿ ಹುಡುಗಿ ಅತ್ತು, ತಪ್ಪಾಯ್ತು ಅಂದು, ಇನ್ಮೇಲೆ ಒಳ್ಳೆಯವಳಾಗಿರುತ್ತೇನೆ ಅನ್ನುವ ಪುಟ ಬರೆಯಬೇಡಿ. ಅಪ್ಪ ಅಮ್ಮಂದಿರಿಗೆ ಆ ಪುಟ ಬಲು ಇಷ್ಟ. ಮಕ್ಕಳಿಗೆ ಅದು ವಾಸನೆಗೇ ಗೊತ್ತಾಗುತ್ತದೆ, ಎರಡನೇ ಸಲ ಪುಸ್ತಕ ಮುಟ್ಟುವುದಿಲ್ಲ. ಓದು ಕಲಿಯುವ ಪುಸ್ತಕವನ್ನು ಇಪ್ಪತ್ತು ಸಲ ಮುಟ್ಟಬೇಕು.

ಹೆಸರಿನಲ್ಲೇ ಅರ್ಧ ಕೆಲಸ

ನಾಯಕಿಯ ಹೆಸರು ಮಗು ಓದುವ ಮೊದಲ ಪದ. ಐಶ್ವರ್ಯಾ, ಕೃತ್ತಿಕಾ, ಶ್ರಾವಣಿ ಇವೆಲ್ಲ ಚಂದ, ಆದರೆ ಮುಖಪುಟದಲ್ಲೇ ಮಗು ಎಡವುತ್ತದೆ. ಎರಡು ಅಕ್ಷರ, ಒತ್ತು ಇಲ್ಲ, ಮಹಾಪ್ರಾಣ ಇಲ್ಲ, ಮನೆಯಲ್ಲಿ ಕೂಗಿ ಕರೆಯುವಂತಿರಬೇಕು. ಶಾರಿ, ಸುಮಿ, ಗೌರಿ, ರಾಜಿ ಆಗುತ್ತವೆ. ನಾವು ಶಾರಿ ಆರಿಸಿದೆವು. ನಿಮ್ಮ ಮಗಳ ಹೆಸರನ್ನೇ ಇಡುವ ಆಸೆ ಬರುತ್ತದೆ, ಇಡಬೇಡಿ. ತಾನು ಮಾಡಿದ ಕಿತಾಪತಿಯನ್ನು ಅಮ್ಮ ಪುಸ್ತಕ ಮಾಡಿದ್ದಾಳೆ ಅಂದರೆ ಅವಳಿಗೆ ಅದು ದೂರು ಹೇಳಿದಂತೆ. ಬೇರೆ ಯಾರೋ ಮಾಡಿದ್ದು ಅಂದರೆ ಮನಸಾರೆ ನಗುತ್ತಾಳೆ.

ನಾಯಕಿ ಹುಡುಗಿಯಾದ್ದರಿಂದ ಕ್ರಿಯಾಪದಗಳೆಲ್ಲ ‘ಳು’ ಎಂದೇ ಮುಗಿಯುತ್ತವೆ. ಇದು ಲಾಭ. ನೋಡಿದಳು, ಅದುಮಿದಳು, ಓಡಿದಳು: ಬಾಲ ಒಂದೇ, ತಲೆ ಮಾತ್ರ ಓದಬೇಕು. ಮರಾಠಿಯಲ್ಲೂ ‘ಳ’ ಇರುವುದರಿಂದ ಇಲ್ಲಿನ ಮಕ್ಕಳಿಗೆ ಆ ಉಚ್ಚಾರಣೆ ಹೊಸದಲ್ಲ.

ಅಕ್ಷರದ ಲೆಕ್ಕ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇಲ್ಲಿ, ಹಿಡಿಯಬೇಕಾದ್ದೂ ಇಲ್ಲೇ.

ದೇವನಾಗರಿ ಬಲ್ಲ ಮಗು ಕನ್ನಡದಲ್ಲಿ ಎಲ್ಲಿ ಎಡವುತ್ತದೆ ಎಂದು ನೋಡಿ. ಮೊದಲನೆಯದು ಎ, ಏ ಮತ್ತು ಒ, ಓ. ಮರಾಠಿ, ಹಿಂದಿ ಓದುವಾಗ ಈ ಹ್ರಸ್ವ ದೀರ್ಘದ ಭೇದ ಬರುವುದೇ ಇಲ್ಲ. ಹಾಗಾಗಿ ಮಗು ‘ಕೆರೆ’ಯನ್ನು ‘ಕೇರೇ’ ಎಂದು ಓದುತ್ತದೆ. ಆದರೆ ಮಾತಿನ ಕನ್ನಡ ಗೊತ್ತಿರುವುದರಿಂದ ಪದ ಪರಿಚಿತವಾಗಿದ್ದರೆ ತಾನೇ ತಿದ್ದಿಕೊಳ್ಳುತ್ತದೆ. ಆದ್ದರಿಂದ ಮೊದಲ ಪುಸ್ತಕದಲ್ಲಿ ಮನೆ, ಒಳಗೆ, ಮೊದಲು ಇಂಥ ದಿನಬಳಕೆಯ ಪದಗಳಷ್ಟೇ ಇರಲಿ.

ಎರಡನೆಯದು ಒತ್ತಕ್ಷರ. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ, ಎರಡನೆಯದು ಪೂರ್ತಿ ಉಳಿಯುತ್ತದೆ. ಕನ್ನಡದಲ್ಲಿ ತಿರುಗುಮುರುಗು: ಮೊದಲನೆಯದು ಮೇಲೆ ಪೂರ್ತಿ ಕೂರುತ್ತದೆ, ಎರಡನೆಯದು ಕೆಳಗೆ ಜೋತುಬೀಳುತ್ತದೆ. ಇದರಲ್ಲೂ ಎರಡು ಜಾತಿ. ಕ, ಗ, ಜ, ಟ, ದ, ಪ, ಬ ಇವುಗಳ ಒತ್ತು ಮೂಲ ಅಕ್ಷರದ ಮರಿಯಂತೆಯೇ ಕಾಣುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲಕ್ಕೂ ಹೋಲಿಕೆ ಕಡಿಮೆ, ಬೇರೆಯಾಗಿಯೇ ಕಲಿಯಬೇಕು. ಅಂದರೆ ‘ಅಪ್ಪ’, ‘ಅಕ್ಕ’, ‘ಅಜ್ಜ’ ಓದುವುದು ಸುಲಭ, ‘ಅಮ್ಮ’ ಕಷ್ಟ. ಅಮ್ಮಂದಿರು ಬೇಜಾರು ಮಾಡಿಕೊಳ್ಳಬಾರದು.

ಈ ಲೆಕ್ಕ ಹಿಡಿದು ನಾವು ಹಾಕಿಕೊಂಡ ನಿಯಮ: ಮಹಾಪ್ರಾಣ ಒಂದೂ ಇಲ್ಲ, ವಿಜಾತೀಯ ಒತ್ತು (ಒಂದು ಅಕ್ಷರಕ್ಕೆ ಬೇರೆ ಅಕ್ಷರದ ಒತ್ತು) ಒಂದೂ ಇಲ್ಲ, ಸಜಾತೀಯ ಒತ್ತು (ಅದೇ ಅಕ್ಷರದ ಒತ್ತು) ಎರಡೇ ಎರಡು. ಜ್ಜ ಅಜ್ಜ ಅಜ್ಜಿಗಾಗಿ, ಲ್ಲ ‘ಇಲ್ಲ’ಕ್ಕಾಗಿ. ‘ಇಲ್ಲ’ ಅನ್ನದೆ ತುಂಟ ಹುಡುಗಿಯ ಕಥೆ ನಡೆಯುವುದಿಲ್ಲ.

ನಿಯಮ ಹಾಕಿಕೊಂಡ ಕೂಡಲೇ ಅಡ್ಡಿ ಶುರು. ‘ಲಿಫ್ಟ್’ ಬರೆಯುವ ಹಾಗಿಲ್ಲ. ಇಡೀ ಕಥೆ ನಡೆಯುವುದು ಅದರೊಳಗೆ, ಪದ ಮಾತ್ರ ಎಲ್ಲೂ ಬರಬಾರದು. ಪರಿಹಾರ ಸರಳ: ಚಿತ್ರ ಬರೆಯಿರಿ, ಹೆಸರು ಯಾಕೆ? ‘ಒತ್ತಿದಳು’ ಅಂದರೆ ತ್ತ ಬಂತು, ಅದಕ್ಕೆ ‘ಅದುಮಿದಳು’. ‘ಇಸ್ತ್ರಿ’ಯಲ್ಲಿ ಮೂರು ವ್ಯಂಜನ ಒಂದರ ಮೇಲೊಂದು, ಇಸ್ತ್ರಿಯವನನ್ನು ಅವನ ಗಂಟಿನಿಂದಲೇ ಗುರುತಿಸುವಂತೆ ಮಾಡಿದೆವು. ‘ನಾಲ್ಕು’ ಬೇಡ, ಮಹಡಿಯ ಸಂಖ್ಯೆ ಬಾಗಿಲ ಮೇಲೆ ಅಂಕಿಯಲ್ಲೇ ಇರುತ್ತದಲ್ಲ: 4.

ಪುಟ ಹಂಚುವುದು

ನಾಲ್ಕು ಎ4 ಹಾಳೆಗಳನ್ನು ಒಂದರೊಳಗೊಂದು ಇಟ್ಟು ಮಡಚಿದರೆ ಹದಿನಾರು ಎ5 ಪುಟ. ಪುಟಗಳ ಸಂಖ್ಯೆ ಯಾವಾಗಲೂ ನಾಲ್ಕರ ಗುಣಿತವಾಗಿರಬೇಕು, ಹದಿನಾಲ್ಕು ಪುಟದ ಪುಸ್ತಕ ಮಡಚಲಾಗದು.

ಪುಸ್ತಕ ಬಿಚ್ಚಿದಾಗ ಬೆಸ ಸಂಖ್ಯೆಯ ಪುಟ ಬಲಕ್ಕೆ ಬರುತ್ತದೆ. ಪ್ರಶ್ನೆ ಬಲಪುಟದಲ್ಲಿ, ಉತ್ತರ ಹಾಳೆ ಮಗುಚಿದ ಮೇಲೆ ಎಡಪುಟದಲ್ಲಿ. ಎರಡೂ ಎದುರುಬದುರು ಬಂದರೆ ಕಣ್ಣು ಚಿತ್ರಕ್ಕೆ ಮೊದಲು ಓಡುತ್ತದೆ, ಪದ ಓದುವ ಅಗತ್ಯವೇ ಬೀಳುವುದಿಲ್ಲ. ಹಾಗಾಗಿ 3ನೇ ಪುಟದಲ್ಲಿ ಮೊದಲ ಮಹಡಿಯ ಬಾಗಿಲು, 4ರಲ್ಲಿ ಬಂದವರು. 5ರಲ್ಲಿ ಎರಡನೇ ಬಾಗಿಲು, 6ರಲ್ಲಿ ಬಂದವರು. ಹೀಗೆ 14ರವರೆಗೆ ಆರು ಮಹಡಿ. ಏಳು ಮಹಡಿಯೂ ಹಿಡಿಸುತ್ತದೆ, ಆದರೆ ಏಳನೆಯ ಉತ್ತರ ಹಿಂಬದಿಯ ರಕ್ಷಾಪುಟಕ್ಕೆ ಬೀಳುತ್ತದೆ. ಮಕ್ಕಳು ಪುಸ್ತಕ ಕೈಗೆ ಬಂದೊಡನೆ ತಿರುವಿ ನೋಡುವುದು ಅದನ್ನೇ.

ಐವತ್ತು ಪದ

ಪೂರ್ತಿ ಪಠ್ಯ ಇಷ್ಟೇ. ಅಂಕಿಗಳು ಪುಟಸಂಖ್ಯೆ.

2. ಶಾರಿ ಗುಂಡಿ ನೋಡಿದಳು. ಆರು ಗುಂಡಿ. ಆರೂ ಅದುಮಿದಳು.
3. ಬಾಗಿಲು ತೆರೆಯಿತು. ಯಾರು?
4. ಹಾಲಿನ ಮಾಮ! ಒಳಗೆ ಬಂದರು.
5. ಬಾಗಿಲು ತೆರೆಯಿತು. ಯಾರು?
6. ನಾಯಿ! ಬಾಲ ಮೊದಲು ಒಳಗೆ ಬಂತು.
7. ಬಾಗಿಲು ತೆರೆಯಿತು. ಯಾರು?
8. ಗಂಟು! ಮಾಮ ಕಾಣಲಿಲ್ಲ.
9. ಬಾಗಿಲು ತೆರೆಯಿತು. ಯಾರು?
10. ಯಾರೂ ಇಲ್ಲ.
11. ಬಾಗಿಲು ತೆರೆಯಿತು. ಯಾರು?
12. ಮೀನಿನ ಮಾವಶಿ! ಒಳಗೆ ಬಂದರು.
13. ಬಾಗಿಲು ತೆರೆಯಿತು. ಯಾರು?
14. ಅಜ್ಜಿ! ಕೈಲಿ ಸೌಟು.
15. ಅಜ್ಜ ಕೇಳಿದರು: “ಮನೆ ಬಂತಾ?”

ಐವತ್ತರಲ್ಲಿ ಬೇರೆ ಬೇರೆ ಪದಗಳು ಮೂವತ್ತು. ಆರು ಸಲ ಬರುವ ಆ ಮೂರು ಪದಗಳ ಸಾಲನ್ನು ಮಗು ಮೂರನೇ ಮಹಡಿಯ ಹೊತ್ತಿಗೆ ನೋಡದೆಯೇ ಹೇಳುತ್ತದೆ. ಅದು ಕಳ್ಳಾಟವಲ್ಲ, ಇಡೀ ಪದವನ್ನು ಒಂದೇ ನೋಟಕ್ಕೆ ಗುರುತು ಹಿಡಿಯುವುದು ಹಾಗೇ ಶುರುವಾಗುತ್ತದೆ. ಸುಲಭವಾದ ಆ ಸಾಲಿನಲ್ಲಿ ಉಳಿದ ಶಕ್ತಿಯನ್ನು ಎಡಪುಟದ ಹೊಸ ಪದಕ್ಕೆ ಖರ್ಚು ಮಾಡುತ್ತದೆ.

ಹತ್ತನೇ ಪುಟವನ್ನು ಗಮನಿಸಿ. ಮಾತು ‘ಯಾರೂ ಇಲ್ಲ’ ಅನ್ನುತ್ತದೆ. ಚಿತ್ರದಲ್ಲಿ, ಕೆಳಗಡೆ, ಕಾಲುಗಳ ನಡುವೆ ಬೆಕ್ಕೊಂದು ನುಸುಳುತ್ತಿದೆ. ಪುಸ್ತಕ ಸುಳ್ಳು ಹೇಳುತ್ತಿದೆ ಎಂದು ಹಿಡಿದುಹಾಕುವ ಖುಷಿ ಮಗುವಿನದು, ಆದರೆ ಹಿಡಿಯಬೇಕಾದರೆ ಮೊದಲು ಓದಿರಬೇಕು. ಮುಂದಿನ ಮಹಡಿಯಲ್ಲಿ ಮೀನಿನ ಬುಟ್ಟಿ ಬರುವುದಕ್ಕೂ ಬೆಕ್ಕು ಮೊದಲೇ ಒಳಗಿರುವುದಕ್ಕೂ ಇರುವ ಸಂಬಂಧವನ್ನು ಪಠ್ಯ ಎಲ್ಲೂ ಬಾಯಿ ಬಿಡುವುದಿಲ್ಲ. ಮೀನು ಬೇಡ ಅನ್ನುವ ಮನೆಯವರು ಅಲ್ಲಿ ಹೂವಿನ ಮಾವಶಿಯನ್ನು ಹತ್ತಿಸಬಹುದು. ಬೆಕ್ಕಿಗೆ ಹಾಲಿನ ಮಾಮನ ಕ್ಯಾನು ಹೇಗೂ ಇದೆ.

ಭಾಷೆಯ ರೂಪದ ಬಗ್ಗೆ ಒಂದು ಸಲಹೆ. ನಿರೂಪಣೆಯ ಸಾಲುಗಳು ಗ್ರಂಥದ ಕನ್ನಡದಲ್ಲಿರಲಿ, ಮುಂದೆ ಓದುವ ಪುಸ್ತಕಗಳೆಲ್ಲ ಅದರಲ್ಲೇ ಇರುತ್ತವೆ. ಉದ್ಧರಣೆಯೊಳಗಿನ ಮಾತು ಮಾತ್ರ ನಿಮ್ಮ ಮನೆಯದಾಗಲಿ. ಧಾರವಾಡದ ಕಡೆಯ ಅಜ್ಜ “ಮನಿ ಬಂತೇನ?” ಅನ್ನಲಿ. ಮನೆಯಲ್ಲಿ ತುಳು ಆಡುವ ಮಕ್ಕಳಿಗೆ ನಿರೂಪಣೆಯ ಕನ್ನಡವನ್ನು ಮೊದಲು ಒಂದೆರಡು ಸಲ ಬಾಯಲ್ಲಿ ಕಥೆಯಾಗಿ ಹೇಳಿ, ಆಮೇಲೆ ಪುಸ್ತಕ ತೋರಿಸಿ.

ಚಿತ್ರ

ಚಿತ್ರ ಬರೆಯಲು ಬರುವುದಿಲ್ಲ ಎಂದು ಹಿಂಜರಿಯುವವರಿಗೆ ಈ ಕಥೆ ಅನುಕೂಲ: ಎಲ್ಲ ಪುಟದಲ್ಲೂ ಹಿನ್ನೆಲೆ ಒಂದೇ. ಖಾಲಿ ಲಿಫ್ಟಿನ ಒಳಭಾಗವನ್ನು ಎ5 ಅಳತೆಗೆ ಒಮ್ಮೆ ಸ್ಕೇಲು ಹಿಡಿದು ಬರೆಯಿರಿ, ತುಸು ತೆರೆದ ಬಾಗಿಲನ್ನು ಇನ್ನೊಮ್ಮೆ. ಎರಡನ್ನೂ ಹತ್ತತ್ತು ಜೆರಾಕ್ಸ್ ತೆಗೆಸಿ, ಅದರ ಮೇಲೆ ಮನುಷ್ಯರನ್ನು ಬರೆಯುತ್ತ ಹೋಗಿ. ಕೆಟ್ಟರೆ ಇನ್ನೊಂದು ಪ್ರತಿ ಇದೆ. ಬಾಗಿಲು ಸ್ಟೀಲಿನದೇ ಆಗಿರಲಿ. ಮಾಟುಂಗಾದ ಹಳೆಯ ಬಿಲ್ಡಿಂಗುಗಳಲ್ಲಿರುವಂಥ ಜಾಳಿ ಬಾಗಿಲಿನ ಲಿಫ್ಟು ನೋಡಲು ಚಂದ, ಆದರೆ ಆಚೆ ನಿಂತವರು ಮೊದಲೇ ಕಂಡುಬಿಡುತ್ತಾರೆ.

ಶಾರಿಯನ್ನು ಪ್ರತಿ ಪುಟದಲ್ಲೂ ಅದೇ ಹುಡುಗಿ ಎಂದು ಗುರುತಿಸಲು ಮೂರು ಗುರುತು ಸಾಕು: ಹಳದಿ ಫ್ರಾಕು, ಎರಡು ಜಡೆ, ಒಂದು ಜಡೆಯ ರಿಬ್ಬನ್ ಬಿಚ್ಚಿಹೋಗಿರುವುದು. ಮುಖ ಪುಟದಿಂದ ಪುಟಕ್ಕೆ ಸ್ವಲ್ಪ ಬದಲಾದರೂ ಯಾರೂ ಕೇಳುವುದಿಲ್ಲ. ಹಳದಿಯನ್ನು ಬೇರೆ ಯಾರಿಗೂ ಕೊಡಬೇಡಿ.

ಪ್ರಶ್ನೆಯ ಪುಟದಲ್ಲಿ ಬಾಗಿಲು ಎರಡು ಬೆರಳಷ್ಟು ತೆರೆದಿರಲಿ, ಸಂದಿಯಲ್ಲಿ ಒಂದು ಸುಳಿವು: ಹಾಲಿನ ಕ್ಯಾನಿನ ಅಂಚು, ನಾಯಿಬಾಲ, ಬಟ್ಟೆಗಂಟಿನ ಮೂಲೆ. ನಾಲ್ಕನೇ ಮಹಡಿಯಲ್ಲಿ ಸಂದಿ ಖಾಲಿ, ನೆಲದ ಹತ್ತಿರ ಮಾತ್ರ ಒಂದು ಚೂಪು ಕಿವಿ. ಉತ್ತರದ ಪುಟಗಳಲ್ಲಿ ಹಿಂದೆ ಹತ್ತಿದವರೆಲ್ಲ ಉಳಿದಿರಬೇಕು, ಮಕ್ಕಳು ಎಣಿಸುತ್ತಾರೆ. ಜಾಗ ಕಡಿಮೆಯಾದಂತೆ ಅಜ್ಜನ ಪೇಪರು ಪೂರ್ತಿಯಿಂದ ಅರ್ಧ, ಅರ್ಧದಿಂದ ಕಾಲು ಆಗುತ್ತ ಹೋಗಲಿ, ಬೆಳಗಿನ ಲೋಕಲಿನಲ್ಲಿ ಓದುವವರು ಮಡಚುವ ಹಾಗೆ. ಕೊನೆಗೆ ಅಂಗೈಯಷ್ಟಾಗಿದೆ, ಅವರು ಇನ್ನೂ ಓದುತ್ತಿದ್ದಾರೆ.

ಕೈಯಲ್ಲಿ ಬರೆಯುವುದು ಸಾಧ್ಯವೇ ಇಲ್ಲದಿದ್ದರೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದ ಚಿತ್ರಗಳನ್ನು ಮುಕ್ತ ಪರವಾನಗಿಯಲ್ಲಿ ಬಳಸಬಹುದು, ಚಿತ್ರಕಾರರ ಹೆಸರು ಹಾಕಬೇಕು. ಕನ್ನಡದ ಸುಲಭ ಓದಿನ ಪುಸ್ತಕಗಳೂ ಅಲ್ಲಿ ಉಚಿತ. ಆದರೆ ನಿಮ್ಮದೇ ಲಿಫ್ಟು, ನಿಮ್ಮದೇ ವಾಚ್‌ಮನ್ ಇರುವ ಸೊಟ್ಟ ಚಿತ್ರಕ್ಕೆ ಸಿಗುವ ಮರ್ಯಾದೆ ಅದಕ್ಕೆ ಸಿಗುವುದಿಲ್ಲ.

ಅಕ್ಷರ ಕೂರಿಸಿ ಅಚ್ಚು ಹಾಕಿಸುವುದು

ಕೈಬರಹ ದುಂಡಗಿದ್ದರೆ ಕೈಬರಹವೇ ಒಳ್ಳೆಯದು. ಕಂಪ್ಯೂಟರಿನಲ್ಲಾದರೆ ಯೂನಿಕೋಡ್ ಫಾಂಟು ಬಳಸಿ. ನೋಟೋ ಸಾನ್ಸ್ ಕನ್ನಡ ಶುಚಿಯಾಗಿದೆ. ಮುಂಬಯಿಯ ಏಕ್ ಟೈಪ್ ಬಳಗದ ಬಾಲೂ ತಮ್ಮ ದಪ್ಪಗೆ, ದುಂಡಗೆ ಇದ್ದು ಮಕ್ಕಳಿಗೆ ಹಿಡಿಸುತ್ತದೆ. ಎರಡೂ ಉಚಿತ. ಗಾತ್ರ 26 ಪಾಯಿಂಟಿನ ಆಸುಪಾಸು. ಸಾಲುಗಳ ನಡುವೆ ಒಂದೂವರೆಪಟ್ಟು ಅಂತರ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸುಗೆ ತಾಗುತ್ತದೆ. ಪದವನ್ನು ಸಾಲಿನ ಕೊನೆಯಲ್ಲಿ ಮುರಿಯಬೇಡಿ. ಪಠ್ಯ ಚಿತ್ರದ ಮೇಲೆ ಹತ್ತದೆ, ಕೆಳಗಿನ ಬಿಳಿ ಪಟ್ಟಿಯಲ್ಲಿ ಎಲ್ಲ ಪುಟದಲ್ಲೂ ಒಂದೇ ಜಾಗದಲ್ಲಿ ಇರಲಿ.

ಅಂಗಡಿಗೆ ವರ್ಡ್ ಫೈಲು ಒಯ್ಯಬೇಡಿ. ಮುಂಬಯಿಯ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟು ಇರುವುದು ಅಪರೂಪ, ಬೇರೆ ಫಾಂಟು ಕೂತು ಸಾಲುಗಳೆಲ್ಲ ಜರುಗುತ್ತವೆ, ಇಲ್ಲವೇ ಅಕ್ಷರದ ಜಾಗದಲ್ಲಿ ಡಬ್ಬಿಗಳು ಬರುತ್ತವೆ. ಪಿಡಿಎಫ್ ಮಾಡಿಯೇ ಒಯ್ಯಿರಿ. ಅಕ್ರೋಬ್ಯಾಟ್ ರೀಡರಿನಲ್ಲಿ ಪ್ರಿಂಟ್ ಕೊಡುವಾಗ ‘ಬುಕ್‌ಲೆಟ್’ ಆರಿಸಿದರೆ ಪುಟಗಳು ತಾವಾಗಿ ಜೋಡಣೆಯಾಗುತ್ತವೆ. ಕೈಯಲ್ಲೇ ಜೋಡಿಸುವವರಿಗೆ ಕ್ರಮ ಹೀಗೆ: ಹೊರಗಿನ ಹಾಳೆಯ ಒಂದು ಬದಿ 16 ಮತ್ತು 1, ಹಿಂಬದಿ 2 ಮತ್ತು 15, ಎರಡನೆಯದರಲ್ಲಿ 14 ಮತ್ತು 3, ಹಿಂಬದಿ 4 ಮತ್ತು 13, ಮೂರನೆಯದರಲ್ಲಿ 12 ಮತ್ತು 5, ಹಿಂಬದಿ 6 ಮತ್ತು 11, ಒಳಗಿನದರಲ್ಲಿ 10 ಮತ್ತು 7, ಹಿಂಬದಿ 8 ಮತ್ತು 9. ಜೋಡಿ ಯಾವುದೇ ಇರಲಿ, ಕೂಡಿದರೆ 17 ಬರಬೇಕು.

ಅಂಗಡಿಯವನಿಗೆ ‘ಬ್ಯಾಕ್ ಟು ಬ್ಯಾಕ್, ಸೆಂಟರ್ ಪಿನ್’ ಅಂದರೆ ಅರ್ಥವಾಗುತ್ತದೆ. ಹಾಳೆ 100 ಜಿಎಸ್‌ಎಂಗಿಂತ ತೆಳುವಾದರೆ ಹಿಂದಿನ ಚಿತ್ರ ಇಣುಕಿ ಮುಂದಿನ ಗುಟ್ಟು ರಟ್ಟಾಗುತ್ತದೆ. ಮೊದಲು ಒಂದೇ ಪ್ರತಿ ತೆಗೆಸಿ, ಮಡಚಿ, ಪುಟದ ಕ್ರಮ ನೋಡಿ, ಆಮೇಲೆ ಉಳಿದವು.

ಓದಿಸುವುದು

ಮೊದಲ ಸಲ ನೀವು ಓದಿ, ಮಗು ನೋಡಲಿ. ಎರಡನೇ ಸಲ ‘ಯಾರು?’ ಅನ್ನುವುದನ್ನು ಮಗುವಿಗೆ ಬಿಡಿ. ಮೂರನೇ ಸಲ ಬಲಪುಟ ಪೂರ್ತಿ ಅದರದ್ದು. ಎಡಪುಟ ಕೊನೆಗೆ. ಒಂದೇ ಕೂರಿಕೆಯಲ್ಲಿ ಇಷ್ಟೂ ಆಗಬೇಕೆಂದಿಲ್ಲ.

‘ಬಾಗಿಲು ತೆರೆಯಿತು’ ಅನ್ನುವಲ್ಲಿ ಮಗು ‘ಬಾಗಿಲು ತೆಗೀತು’ ಎಂದು ಓದಿದರೆ ತಡೆಯಬೇಡಿ, ಅರ್ಥ ಹಿಡಿದಿದೆ ಅಂದಾಯಿತು. ಪುಸ್ತಕ ಮುಗಿದ ಮೇಲೆ ಆ ಪದಕ್ಕೆ ಮರಳಿ ಬೆರಳಿಟ್ಟು ತೋರಿಸಿ. ‘ಮಾಮ’ ಮತ್ತು ‘ಮಾವಶಿ’ಯಲ್ಲಿ ಮ, ವ ಅದಲುಬದಲಾಗುವುದು ಸಾಮಾನ್ಯ. ಎರಡು ಅಕ್ಷರಗಳನ್ನೂ ದೊಡ್ಡದಾಗಿ ಬರೆದು, ಮಕಾರದ ಬಲಬದಿಯ ಕೊಂಬನ್ನು ಬೇರೆ ಬಣ್ಣದಲ್ಲಿ ತಿದ್ದಿಸಿ. ಪಕ್ಕದ ಮನೆಯ ಮಗುವಿಗೂ ಒಮ್ಮೆ ಓದಲು ಕೊಡಿ. ನಿಮ್ಮ ಮಗುವಿಗೆ ಕಥೆ ಮೊದಲೇ ಗೊತ್ತಿರುವುದರಿಂದ ಪಠ್ಯ ಎಲ್ಲಿ ತೊಡಕಾಗಿದೆ ಎಂಬುದು ಇನ್ನೊಂದು ಮಗು ಓದಿದಾಗಲೇ ಕಾಣುವುದು.

ಆಮೇಲೆ ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು, ಖಾಲಿ ಲಿಫ್ಟಿನ ಜೆರಾಕ್ಸು ಉಳಿದಿದ್ದರೆ ಅದನ್ನೂ ಕೊಡಿ. ಇನ್ನೊಂದು ಮಹಡಿ ಯಾರದ್ದಾಗಬೇಕು ಎಂದು ಕೇಳಿ. ನಮ್ಮ ತರಗತಿಯಲ್ಲಿ ಒಬ್ಬಳು ಸೊಸೈಟಿಯ ಸೆಕ್ರೆಟರಿಯನ್ನು ಹತ್ತಿಸಿದಳು, ಕೈಯಲ್ಲಿ ನೋಟೀಸಿನೊಂದಿಗೆ. ‘ಸೆಕ್ರೆಟರಿ’ಯ ಕ್ರ ಬರೆಯಲು ಅವಳೇ ಕಲಿತುಕೊಂಡಳು.

ಎರಡನೇ ಶಾರಿ

ಎರಡನೇ ಪುಸ್ತಕದಲ್ಲಿ ಸಜಾತೀಯ ಒತ್ತುಗಳನ್ನು ಧಾರಾಳವಾಗಿ ಒಳಗೆ ಬಿಟ್ಟುಕೊಳ್ಳಿ. ತುಂಟಾಟದ ಒಳ್ಳೊಳ್ಳೆಯ ಕ್ರಿಯಾಪದಗಳೆಲ್ಲ ಅಲ್ಲೇ ಕಾದು ಕೂತಿವೆ: ಎದ್ದಳು, ಕದ್ದಳು, ಮೆದ್ದಳು, ಬಿದ್ದಳು. ನಾಲ್ಕಕ್ಕೂ ದ್ದ, ಪ್ರಾಸವೂ ಸಿಕ್ಕಿತು, ಈ ಕ್ರಮದಲ್ಲಿ ಕಥೆಯೂ ಸಿಕ್ಕಿತು. ಆಮೇಲೆ ನಕ್ಕಳು, ಸಿಕ್ಕಳು. ತ್ತ ಮತ್ತು ಮ್ಮ ಈ ಪುಸ್ತಕದ ಕೊನೆಯ ಎರಡು ಪುಟಕ್ಕೆ ಇಟ್ಟುಕೊಳ್ಳಿ. ಅರ್ಕಾವೊತ್ತನ್ನು (ಮೊದಲು ಉಚ್ಚರಿಸಿದರೂ ಮುಂದಿನ ಅಕ್ಷರದ ಬಲಕ್ಕೆ ಬರೆಯುವ ರಕಾರದ ಗುರುತು) ಮೂರನೆಯ ಪುಸ್ತಕಕ್ಕೆ ಉಳಿಸಿ. ದೇವನಾಗರಿಯಲ್ಲೂ ಮೊದಲು ಉಚ್ಚರಿಸುವ ರಕಾರವನ್ನು ಮುಂದಿನ ಅಕ್ಷರದ ಮೇಲೆ ಹಾಕುವುದರಿಂದ ‘ಸೂರ್ಯ’ದ ಲೆಕ್ಕ ಈ ಮಕ್ಕಳಿಗೆ ಬೇಗ ಹತ್ತುತ್ತದೆ.